ಅಂಗಳದ ಥಿನ್ನರ್, ಹಳ್ಳದ ನೀರು

ಮಳೆ ಪೂರ್ತಿ ಹಿಂದೆಗೆದು ಅಡಿಕೆ ಕೊಯ್ಲು ಆರಂಭವಾಗುವ ಹೊತ್ತಿಗೆ ಮಲೆನಾಡಿನ ಕೆಲವು ಅಂಗಳಗಳಲ್ಲಿ ಮತ್ತೊಂದು ಕೆಲಸವೂ ಆರಂಭವಾಗುತ್ತದೆ. ಜೀಪಿನ ಚಕ್ರಗಳನ್ನು ಕಳಚಿ, ಟೈರು ಬಿಚ್ಚಿಸಿ, ರಿಮ್‌ಗಳನ್ನು ಸಾಲಾಗಿ ಮಲಗಿಸುತ್ತಾರೆ. ಗ್ರೈಂಡರಿಗೆ ತಂತಿಯ ಬ್ರಷ್ ಸಿಕ್ಕಿಸಿ ಹಳೆಯ ಬಣ್ಣವನ್ನು ತುಕ್ಕಿನ ಸಮೇತ ಕೆರೆದು ಹಾರಿಸುತ್ತಾರೆ. ಜಗ್ಗದ ಬಣ್ಣಕ್ಕೆ ಪೇಂಟ್ ರಿಮೂವರ್ ಬಳಿಯುತ್ತಾರೆ. ಮೇಲೊಂದು ಕೈ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪೋ ಬೆಳ್ಳಿಯೋ. ಸಂಜೆ ಸ್ಪ್ರೇ ಗನ್ನನ್ನು ಥಿನ್ನರಿನಲ್ಲಿ ತೊಳೆದು, ತೊಳೆದದ್ದನ್ನು ಅಂಗಳದಂಚಿನ ಚರಂಡಿಗೆ ಚೆಲ್ಲಿದರೆ ಕೆಲಸ ಮುಗಿಯಿತೆಂಬ ಭಾವನೆ.

ಆ ಚರಂಡಿ ಎಲ್ಲಿಗೆ ಹೋಗುತ್ತದೆಂಬುದನ್ನು ಮಲೆನಾಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಅಂಗಳದಿಂದ ತೋಟಕ್ಕೆ, ತೋಟದ ಕಪ್ಪಿನಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯು ಗೊರೂರಿನ ಅಣೆಕಟ್ಟನ್ನು ತಲುಪುವ ಮೊದಲು ಇಂತಹ ಎಷ್ಟು ಅಂಗಳಗಳ ನೀರನ್ನು ಹೊತ್ತಿರುತ್ತದೆ! ಬಯಲುಸೀಮೆಯ ಮನೆ ನದಿಯ ಪಕ್ಕದಲ್ಲಿದ್ದರೆ, ಮಲೆನಾಡಿನ ಮನೆ ನದಿಯ ತಲೆಯ ಮೇಲೆಯೇ ಇದೆ. ‘ನಮ್ಮ ಮನೆ, ನಮ್ಮ ಜೀಪು, ನಮ್ಮ ಅಂಗಳ; ಕೇಳಲು ನೀವ್ಯಾರು?’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಮೇಲಿನ ಮನೆಯ ಚರಂಡಿ ಕೆಳಗಿನ ಮನೆಯ ಅಬ್ಬಿ ನೀರಾಗಬಲ್ಲ ಊರಿನಲ್ಲಿ ಅಂಗಳವು ಪೂರ್ಣವಾಗಿ ಯಾರ ಸ್ವಂತದ್ದೂ ಆಗಿರುವುದಿಲ್ಲ.

ಜೀಪನ್ನು ದೂಷಿಸುವುದು ಇಲ್ಲಿನ ಉದ್ದೇಶವಲ್ಲ. ಮಹೀಂದ್ರಾ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿದ ನಂತರದ ದಶಕಗಳಲ್ಲಿ, ಹೆರಿಗೆಗೆ ಹೊರಟ ಹೆಂಗಸನ್ನೂ ಗೊಬ್ಬರದ ಚೀಲವನ್ನೂ ಒಂದೇ ಸೀಟಿನ ಹಿಂದೆ ಹೊತ್ತು ಈ ಘಟ್ಟಗಳನ್ನು ಹತ್ತಿದ ವಾಹನವದು. ಅದರ ಉಕ್ಕಿನ ರಿಮ್ ಇಲ್ಲಿನ ಮಳೆಗೆ ತುಕ್ಕು ಹಿಡಿಯುವುದು ಸಹಜ. ಕೆರೆದು ಬಣ್ಣ ಹಚ್ಚಿ ಇನ್ನೂ ಹತ್ತು ವರ್ಷ ಬಾಳಿಸುವುದು ಗುಜರಿಗೆ ಹಾಕಿ ಹೊಸತು ತರುವುದಕ್ಕಿಂತ ಎಷ್ಟೋ ಮೇಲು. ಆದರೆ ಈಗ ನಡೆಯುತ್ತಿರುವುದರಲ್ಲಿ ಬಹುಪಾಲು ಆ ಬಗೆಯ ದುರಸ್ತಿಯಲ್ಲ. ಕೊಡಚಾದ್ರಿ, ಮಾಂದಲಪಟ್ಟಿಗಳ ದಾರಿಯಲ್ಲಿ, ಆಫ್‌ರೋಡ್ ಕೂಟಗಳ ಕೆಸರಿನಲ್ಲಿ ಒಂದೇ ಋತುವಿನಲ್ಲಿ ಗೀರುಬಿದ್ದ ರಿಮ್‌ಗೆ ಮರುವರ್ಷದ ಮೆರವಣಿಗೆಗಾಗಿ ಹೊಸ ಬಣ್ಣ. ಹುಲ್ಲುಗಾವಲನ್ನು ಉತ್ತದ್ದು ಒಂದು ಅಪರಾಧ. ಆ ಗೀರನ್ನು ಮುಚ್ಚಲು ಹಳ್ಳಕ್ಕೆ ವಿಷ ಬಿಡುವುದು ಅದರ ಬಾಲ.

ವಿಷವೆಂಬ ಪದ ಅತಿಯಾಯಿತೆನ್ನುವವರು ಡಬ್ಬಿಯ ಹಿಂಬದಿಯನ್ನೊಮ್ಮೆ ಓದಬೇಕು. ಥಿನ್ನರಿನಲ್ಲಿ ಸಾಮಾನ್ಯವಾಗಿ ಟಾಲ್ವೀನ್, ಕ್ಸೈಲೀನ್‌ಗಳಿರುತ್ತವೆ. ಅವು ನೀರಿಗಿಂತ ಹಗುರ, ಮೇಲೆ ಹರಡಿ ತೇಲುತ್ತವೆ. ಅನೇಕ ಪೇಂಟ್ ರಿಮೂವರ್‌ಗಳ ಮೂಲದ್ರವ್ಯವಾದ ಡೈಕ್ಲೋರೋಮೀಥೇನ್ ನೀರಿಗಿಂತ ಭಾರ, ತಳಕ್ಕಿಳಿಯುತ್ತದೆ. ಬಾವಿಯ ಮೇಲ್ಭಾಗದ ನೀರನ್ನು ಮೂಸಿ ನೋಡಿ ನಿಶ್ಚಿಂತರಾಗುವವರಿಗೆ ಇದು ತಿಳಿದಿರಲಿ. ಅದರ ಆವಿಯೂ ಗಾಳಿಗಿಂತ ಭಾರವಾದ್ದರಿಂದ ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಕೂತೇ ಇರುತ್ತದೆ. ಉಸಿರಿನೊಡನೆ ಒಳಹೊಕ್ಕರೆ ದೇಹದಲ್ಲಿ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡುತ್ತದೆ. ಹಲವು ಸಾವುಗಳ ನಂತರ ಅಮೆರಿಕವು 2019ರಲ್ಲಿ ಈ ದ್ರವ್ಯವಿರುವ ಬಣ್ಣ ತೆಗೆಯುವ ದ್ರಾವಣಗಳನ್ನು ಗೃಹಬಳಕೆಗೆ ಮಾರುವುದನ್ನು ನಿಷೇಧಿಸಿತು.

ಸೀಸದ ಕಥೆ ಇನ್ನೂ ವಿಚಿತ್ರ. ಬಣ್ಣದಲ್ಲಿನ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಿಗೊಳಿಸುವ ನಿಯಮವನ್ನು ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿತು; 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಆದರೆ ಆ ನಿಯಮದ ಹೆಸರಿನಲ್ಲೇ ಇರುವಂತೆ ಅದು ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ ಸಂಬಂಧಿಸಿದ್ದು. ಕೈಗಾರಿಕಾ ಬಣ್ಣಗಳು ಅದರ ಹೊರಗುಳಿದವು. ಮನೆಯ ಗೋಡೆಗೆ ಬಳಿಯಲು ಕಾನೂನು ಒಪ್ಪದ ಬಣ್ಣವನ್ನು ಅದೇ ಮನೆಯ ಅಂಗಳದಲ್ಲಿ ರಿಮ್‌ಗೆ ಬಳಿಯಬಹುದು, ಕೆರೆದು ಹಾರಿಸಲೂಬಹುದು! ಹಳೆಯ ಹಳದಿ, ಕೇಸರಿ, ಕೆಂಪು ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಂಭವ ಹೆಚ್ಚು. ಗ್ರೈಂಡರ್ ಅದನ್ನು ಕಣ್ಣಿಗೆ ಕಾಣದ ಹುಡಿಯಾಗಿಸುತ್ತದೆ. ಆ ಹುಡಿ ಕಣದಲ್ಲಿ ಒಣಗುವ ಮೆಣಸಿನ ಮೇಲೆ, ಜಗಲಿಯಲ್ಲಿ ಆಡುವ ಮಗುವಿನ ಕೈಮೇಲೆ ಕೂರುತ್ತದೆ. ಮಕ್ಕಳ ಮಿದುಳಿಗೆ ಹಾನಿಮಾಡದ ಸೀಸದ ಪ್ರಮಾಣವೆಂಬುದು ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಥಿನ್ನರಿನ ಒಂದಂಶ ಬಿಸಿಲಿಗೆ ಆರಿಹೋದೀತು. ಸೀಸ ಆರುವುದಿಲ್ಲ. ಬೇಸಿಗೆಯುದ್ದಕ್ಕೂ ಅಂಗಳದ ಮಣ್ಣಿನಲ್ಲಿ ಕಾದಿದ್ದು ಮೊದಲ ಮಳೆಗೆ ಇಳಿಯುತ್ತದೆ. ಹತ್ತುಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುವುದೂ ಅದೇ ದಿನಗಳಲ್ಲಿ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುವವರು, ಊರಿಗೆ ಮರಳಿ ಹಳ್ಳದ ಮೀನಿಗೆ ಏನನ್ನು ಉಣಿಸುತ್ತಿದ್ದೇವೆಂದು ಯೋಚಿಸಿದಂತಿಲ್ಲ.

ಕಾಫಿ ತೋಟಗಳಿಗೆ ಸುರಿಯುವ ಕೀಟನಾಶಕದ ಮುಂದೆ ಒಂದು ಲೀಟರ್ ಥಿನ್ನರ್ ಎಷ್ಟರದು ಎಂಬ ಪ್ರಶ್ನೆ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆಯೂ ಹೌದು. ತೋಟದ ವಿಷದ ಪ್ರಮಾಣ ನಿಸ್ಸಂದೇಹವಾಗಿ ದೊಡ್ಡದು. ಆದರೆ ಬೋರ್ಡೋ ದ್ರಾವಣ ಹೊಡೆಯುವವನಿಗೆ ಕೊಳೆರೋಗದ ಭಯವಿದೆ, ಬೆಳೆ ಹೋದರೆ ಸಾಲದ ಭಯವಿದೆ. ರಿಮ್ ಹೊಳೆಯದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಭದ್ರೆಗೆ ಹೂಳು ತುಂಬುತ್ತದೆಂದು ವಾದಿಸಿ ಕುದುರೆಮುಖದ ಗಣಿಯನ್ನು 2005ರ ಕೊನೆಗೆ ನಿಲ್ಲಿಸಿಕೊಂಡ ನಾಡಿದು. ದೊಡ್ಡ ಕಂಪನಿಗೆ ಅನ್ವಯಿಸಿದ ತರ್ಕ ತನ್ನ ಚರಂಡಿಗೆ ಅನ್ವಯಿಸುವುದಿಲ್ಲವೆಂದರೆ, ನಾಳೆ ಮತ್ತೊಂದು ಕಂಪನಿ ಬಂದಾಗ ಆಡಲು ಮಾತು ಉಳಿಯುವುದಿಲ್ಲ.

ರಿಮ್ ಕೆರೆಯಲೇಬೇಕಾದವರು ಗ್ರೈಂಡರನ್ನು ಬದಿಗಿಡಲಿ. ನೀರು ತಾಗಿಸಿ ಎಮರಿ ಪೇಪರಿನಲ್ಲಿ ಕೈಯಿಂದ ಉಜ್ಜಿದರೆ ಹುಡಿ ಹಾರುವುದಿಲ್ಲ. ಅಡಿಯಲ್ಲಿ ಟಾರ್ಪಾಲು ಹಾಸಿದರೆ ಕೆಸರು ಒಂದೆಡೆ ನಿಲ್ಲುತ್ತದೆ, ಒಣಗಿಸಿ ಡಬ್ಬಿಯಲ್ಲಿ ತುಂಬಿಡಬಹುದು. ಗನ್ ತೊಳೆದ ಥಿನ್ನರನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಇಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮತ್ತೆ ತೊಳೆಯಲು ಬಳಸಬಹುದು. ಹಣವುಳ್ಳವರು ಪೇಟೆಯಲ್ಲಿ ಪೌಡರ್ ಕೋಟಿಂಗ್ ಮಾಡಿಸಲಿ. ಅದರಲ್ಲಿ ದ್ರಾವಕವೇ ಇಲ್ಲ. ಬೆಂಕಿಗೆ ಹಾಕಿ ಬಣ್ಣ ಸುಡುವ ಚಾಳಿಯಂತೂ ಕೂಡಲೇ ನಿಲ್ಲಬೇಕು: ಸೀಸ ಹೊಗೆಯಾಗುತ್ತದೆ, ಅಲಾಯ್ ಚಕ್ರವಾದರೆ ಅದರ ಗಡಸುತನವೂ ಹೋಗುತ್ತದೆ. ಪ್ರಾಸಂಗಿಕವಾಗಿ ಇನ್ನೊಂದು ಮಾತು. ನಟ್ಟು ಕೂರುವ ಜಾಗಕ್ಕೂ ಹಬ್ಬಿಗೆ ತಾಗುವ ಮುಖಕ್ಕೂ ದಪ್ಪನೆ ಬಣ್ಣ ಬಳಿದರೆ ಬಿಗಿತ ಸಡಿಲವಾಗುತ್ತದೆ. ಘಟ್ಟದ ತಿರುವಿನಲ್ಲಿ ಚಕ್ರ ಕಳಚಿದವನಿಗೆ ಹೊಳಪಿನಿಂದ ಏನೂ ಪ್ರಯೋಜನವಿಲ್ಲ.

ತುಂಬಿಟ್ಟ ಡಬ್ಬಿಯನ್ನು ಕೊಡುವುದೆಲ್ಲಿ? 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಿಗಳನ್ನು ಗೃಹಮೂಲದ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿ, ಅದರ ಸಂಗ್ರಹಕ್ಕೆ ಕೇಂದ್ರ ತೆರೆಯುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದವು. ಮಲೆನಾಡಿನ ಎಷ್ಟು ಪಂಚಾಯಿತಿಗಳಲ್ಲಿ ಅಂತಹದೊಂದು ಕೊಠಡಿ ಇದೆ ಎಂಬ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಬೇಕಾದವರು, ಜೀಪಿಲ್ಲದ ಕೆಳಗಿನ ಮನೆಯವರಿಗಿಂತ ಮೊದಲು, ಜೀಪಿರುವ ಮೇಲಿನ ಮನೆಯವರು.