ಬಿಡಬೇಕಾದವರು ಯಾರು?

ಸಾಗರದ ವ್ಯಾಪಾರಸ್ಥ ಮಿತ್ರರೊಬ್ಬರು ಸಿಗಂದೂರಿಗೆ ಹೋಗಿಬಂದ ಮೇಲೆ ಮೊಟ್ಟೆ ಬಿಟ್ಟಿದ್ದಾರೆ. ಹುಟ್ಟಾ ಸಸ್ಯಾಹಾರಿಗಳು, ಡಾಕ್ಟರ ಮಾತಿನ ಮೇಲೆ ಮೊಟ್ಟೆಯೊಂದನ್ನು ಮಾತ್ರ ತಿನ್ನುತ್ತಿದ್ದರು. ಬಿಟ್ಟದ್ದಕ್ಕೆ ನಮ್ಮ ತಕರಾರಿಲ್ಲ. ಮೊಟ್ಟೆ ನಾವೂ ತಿನ್ನುವವರಲ್ಲ. ಆದರೆ "ಶಾಲೆಯಲ್ಲೂ ನಿಲ್ಲಿಸಬೇಕು" ಎಂದು ಅವರೆಂದಾಗ ಸುಮ್ಮನಿರಲಾಗಲಿಲ್ಲ.

2021ರ ಡಿಸೆಂಬರಿನಲ್ಲಿ ಬೀದರ, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ಇದೇ ಕೂಗೆಬ್ಬಿಸಿದ್ದರು. ಒಲ್ಲದ ಮಕ್ಕಳಿಗೆ ಬಾಳೆಹಣ್ಣಿತ್ತು, ಬಲವಂತವೇನೂ ಇರಲಿಲ್ಲ. ಗಂಗಾವತಿಯ ಶಾಲಾ ಬಾಲಕಿಯರೇ ಮೊಟ್ಟೆ ಬೇಕೆಂದು ಗಟ್ಟಿಯಾಗಿ ಕೇಳಿದರು. ಮುಂದೆ ಅದು ನಾಡಿಗೆಲ್ಲ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹಣದಿಂದ ವಾರಕ್ಕೆ ಆರು ದಿನವಾಯಿತು. (ಸರ್ಕಾರದ ಕೆಲಸಕ್ಕೆ ಸಾಹುಕಾರರ ಕೈ ನೋಡಬೇಕಾಯಿತೆಂಬುದು ಬೇರೆ ಮಾತು.)

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು; ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಮನೆಯಲ್ಲಿ ಹಾಲು, ಮೊಸರು, ಬೇಳೆ ಧಾರಾಳವಾಗಿದ್ದವರು ಮೊಟ್ಟೆ ಬಿಟ್ಟರೆ ಸೊರಗುವುದಿಲ್ಲ. ಅಕ್ಕಿ ಗಿರಣಿಯಲ್ಲಿ ದುಡಿದು ಬರುವ ತಾಯಿಯ ಮಗು ಬಿಟ್ಟರೆ ಅದಕ್ಕೆ ಬದಲೇನು?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಜನ ನಾಡಿನ ಬೆಳಕಿಗಾಗಿ ಮನೆ, ಗದ್ದೆ ಬಿಟ್ಟರು. ಹಿನ್ನೀರಿನ ಆಚೆಯವರು ಸೇತುವೆಗಾಗಿ 2025ರ ಜುಲೈವರೆಗೆ ಕಾದರು. ಅದೇ ಸೇತುವೆ ದಾಟಿ ದೇವಿಯ ದರ್ಶನ ಮಾಡಿದ ಮಿತ್ರರು ತುಮರಿಯ ಶಾಲೆಗೂ ಹೋಗಿ, ಮಕ್ಕಳು ಊಟಕ್ಕೆ ಕೂತದ್ದನ್ನು ನೋಡಿ ಬರಬಹುದಿತ್ತು.

ಶಾಲೆಯ ಮೇಲುಸ್ತುವಾರಿ ಸಮಿತಿಗೆ ಅರ್ಜಿ ಕೊಡುವುದಾಗಿ ಅವರು ಹೇಳುತ್ತಿದ್ದಾರೆ. ಕೊಡಲಿ. ಗಿರಣಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು ಅರ್ಧ ದಿನದ ಕೂಲಿ ಹೋದರೂ ಸರಿ, ಆ ಸಭೆಗೆ ತಪ್ಪದೆ ಬರಬೇಕು.