ಕಾಗೆಯಿಂದ ಶುರುಮಾಡಿ
ಕ್ಯಾಮೆರಾ ಕೊಂಡ ಹೊಸತರಲ್ಲಿ ಎಲ್ಲರಿಗೂ ಕಬಿನಿಯ ಹುಲಿಯೇ ಬೇಕು. ಎರಡು ಸಫಾರಿಯಲ್ಲಿ ಹುಲಿ ಸಿಗದಿದ್ದರೆ ಕ್ಯಾಮೆರಾ ಬೀರು ಸೇರುತ್ತದೆ. ಕಲಿಯುವವರಿಗೆ ಮನೆಯ ಕಾಂಪೌಂಡಿನ ಮೇಲೆ ಕೂರುವ ಕಾಗೆಗಿಂತ ಒಳ್ಳೆಯ ಗುರುವಿಲ್ಲ ಎಂಬುದು ನನ್ನ ಅನುಭವ. ಕ್ಯಾಮೆರಾದ ಮೀಟರು ಎದುರಿಗಿದ್ದುದನ್ನೆಲ್ಲ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಾಗಾಗಿ ಚೌಕಟ್ಟಿನ ತುಂಬ ಕಾಗೆಯಿದ್ದರೆ ಅದು ಬೂದಿ ಬಳಿದಂತೆ ಕಾಣುತ್ತದೆ, ಎಕ್ಸ್‌ಪೋಶರ್ ಇಳಿಸಬೇಕು. ಬೆಳ್ಳಕ್ಕಿ ಚೌಕಟ್ಟು ತುಂಬಿದರೆ ಏರಿಸಬೇಕು. ಅದೇ ಬೆಳ್ಳಕ್ಕಿ ಕಡುಹಸಿರು ಗದ್ದೆಯ ನಡುವೆ ಚಿಕ್ಕದಾಗಿ ನಿಂತಿದ್ದರೆ ಮತ್ತೆ ಇಳಿಸಬೇಕು, ಇಲ್ಲದಿದ್ದರೆ ಗರಿಯ ಗೆರೆಗಳೆಲ್ಲ ಬಿಳುಪಿನಲ್ಲಿ ಕರಗಿಹೋಗುತ್ತವೆ. ಇದನ್ನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಕೈಗೆ ಹತ್ತಿದ್ದು ಒಂದಿಡೀ ಬೇಸಿಗೆ ಕಾಗೆಯ ಹಿಂದೆ ಬಿದ್ದ ಮೇಲೆಯೇ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಸುತ್ತಮುತ್ತ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದ ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ, ತೊಳೆಸಿ ನೋಡುವವರೆಗೆ ತಪ್ಪು ಗೊತ್ತಾಗುತ್ತಿರಲಿಲ್ಲ. ನಮಗೆ ತಪ್ಪು ಆ ಕ್ಷಣವೇ ಕಾಣುತ್ತದೆ, ತಿದ್ದಿಕೊಳ್ಳಲು ಖರ್ಚೂ ಇಲ್ಲ. ಉತ್ಸಾಹ ಕುಗ್ಗಿದಾಗ ಹೊಸ ಲೆನ್ಸಿನ ಬೆಲೆ ಹುಡುಕಬೇಡಿ. ಆರು ತಿಂಗಳ ಹಿಂದಿನ ಕಾಗೆಯನ್ನು ಇವತ್ತಿನ ಕಾಗೆಯ ಪಕ್ಕ ಇಟ್ಟು ನೋಡಿ. ನಾಳೆ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಕ್ಯಾಮೆರಾ ಹಿಡಿದು ಹಿತ್ತಲಿಗೆ ಹೋಗಿ.