ಬೆಲೆಪಟ್ಟಿಯಲ್ಲಿ ಕಾಣದ ವಿಷ

ಕೆನಡಾದ ಉತ್ತರ ಕ್ವಿಬೆಕ್‌ನ ಇನುಯಿಟ್ ಜನರ ನೆಲದಲ್ಲಿ ಪಿಸಿಬಿ ತಯಾರಿಸುವ ಕಾರ್ಖಾನೆ ಎಂದೂ ಇರಲಿಲ್ಲ. ಆದರೂ 1980ರ ದಶಕದ ಕೊನೆಯಲ್ಲಿ, ವಿದ್ಯುತ್ ಪರಿವರ್ತಕಗಳಲ್ಲಿ ಬಳಸುತ್ತಿದ್ದ ಈ ರಾಸಾಯನಿಕವು ಅಲ್ಲಿನ ತಾಯಂದಿರ ಎದೆಹಾಲಿನಲ್ಲಿ ಪತ್ತೆಯಾಯಿತು. ಅದರ ಪ್ರಮಾಣ ದಕ್ಷಿಣ ಕ್ವಿಬೆಕ್‌ನ ತಾಯಂದಿರಿಗಿಂತ ಸುಮಾರು 5 ಪಟ್ಟು ಹೆಚ್ಚಿತ್ತು.

ಇಂತಹ ವಸ್ತುಗಳು ಬಿಸಿಲ ನಾಡಿನಲ್ಲಿ ಆವಿಯಾಗಿ, ಗಾಳಿಯಲ್ಲಿ ಸಾಗಿ, ಶೀತವಲಯದಲ್ಲಿ ಇಳಿಯುತ್ತವೆ; ಬೇಗ ನಶಿಸದೆ ಜೀವಿಗಳ ಕೊಬ್ಬಿನಲ್ಲಿ ಶೇಖರವಾಗುತ್ತವೆ. ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಹಿಮಕರಡಿಗೂ ಸೀಲ್ ತಿಂದು ಬದುಕುವ ಮನುಷ್ಯನಿಗೂ ದಾಟುವಾಗ ಅವುಗಳ ಸಾಂದ್ರತೆ ಏರುತ್ತಲೇ ಹೋಗುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ‘ಬಾಹ್ಯ ವೆಚ್ಚ’ವೆಂದು ಕಲಿತವನು: ಮಾರಿದವನಿಗೆ ಲಾಭ, ಕೊಂಡವನಿಗೆ ಅನುಕೂಲ, ನಷ್ಟ ಮಾತ್ರ ಮೂರನೆಯವನಿಗೆ. ಆ ನಷ್ಟ ದೇಶದ ಗಡಿ ದಾಟಿದರೆ ಒಂದು ಸರ್ಕಾರವಷ್ಟೇ ಅದನ್ನು ತಡೆಯಲಾರದು. 2001ರ ಸ್ಟಾಕ್‌ಹೋಮ್ ಒಪ್ಪಂದದ ಅಗತ್ಯ ಹುಟ್ಟಿದ್ದು ಇಲ್ಲಿಯೇ.

ಈ ಲೆಕ್ಕದಲ್ಲಿ ನಾವೂ ಇದ್ದೇವೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕವೇ ಧ್ರುವಪ್ರದೇಶದ ಗಾಳಿಯಲ್ಲೂ ಜೀವಿಗಳಲ್ಲೂ ಪತ್ತೆಯಾಗಿತ್ತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಅದನ್ನು ಒಪ್ಪಂದದ ನಿಷೇಧಪಟ್ಟಿಗೆ ಸೇರಿಸುವಾಗ ಭಾರತ ಮೊದಲು ವಿರೋಧಿಸಿ, ವಿನಾಯಿತಿಗಳು ದೊರೆತ ಮೇಲೆ ಒಪ್ಪಿತು. ನಾನು ಸೇವೆಯಲ್ಲಿದ್ದಾಗ ಕಂಡ ಕಡತಗಳಲ್ಲಿ ಇಳುವರಿಗೂ ಉದ್ಯೋಗಕ್ಕೂ ಅಂಕಣಗಳಿರುತ್ತಿದ್ದವು. ಕಾಯಿಲೆ ಬಿದ್ದ ಮಗುವಿಗೆ ಇರುತ್ತಿರಲಿಲ್ಲ.

ನಾನ್‌ಸ್ಟಿಕ್ ಲೇಪನಗಳ ತಯಾರಿಕೆಯಲ್ಲಿ ಬಳಕೆಯಾಗುತ್ತಿದ್ದ ಪಿಎಫ್‌ಒಎ ಆ ಪಟ್ಟಿ ಸೇರಿದ್ದು 2019ರಲ್ಲಿ, ದಶಕಗಳ ಬಳಕೆಯ ನಂತರ. ವಿಷ ಎದೆಹಾಲಿಗೆ ಇಳಿದ ಮೇಲೆ ಬರುವ ನಿಷೇಧ ಪ್ರಾಯಶ್ಚಿತ್ತವಾದೀತೇ ಹೊರತು ಆಡಳಿತವಾಗದು. ನಿರಪಾಯವೆಂದು ಸಾಬೀತುಪಡಿಸುವ ಹೊಣೆ, ಮಾರುಕಟ್ಟೆಗೆ ಬರುವ ಮುನ್ನವೇ, ತಯಾರಕನ ಮೇಲಿರಬೇಕು.